ಕಡಲು ಬೆಳಗುವುದೇಕೆ? ಒಂದು ಪ್ರಶ್ನೆಯ ಚರಿತ್ರೆ

ಮಳೆಗಾಲ ಮುಗಿದ ಮೇಲೆ ಕೆಲವು ಕತ್ತಲ ರಾತ್ರಿಗಳಲ್ಲಿ ನಮ್ಮ ಪಡುವಣ ಕಡಲಿನ ತೆರೆಗಳು ನೀಲಿಯಾಗಿ ಹೊಳೆಯುವುದುಂಟು. 2020ರ ನವೆಂಬರಿನಲ್ಲಿ ಉಡುಪಿ ಕಡೆಯ ತೀರಗಳಲ್ಲಿ ಇದನ್ನು ನೋಡಲು ಜನ ಸೇರಿದ್ದರು. ಕೊಚ್ಚಿ ಸಮೀಪದ ಕುಂಬಳಂಗಿಯವರು ಈ ಬೆಳಕಿಗೆ ‘ಕವರು’ ಎನ್ನುತ್ತಾರೆ. 2019ರಲ್ಲಿ ‘ಕುಂಬಳಂಗಿ ನೈಟ್ಸ್’ ಸಿನಿಮಾ ಬಂದ ಮೇಲೆ ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೂ ಆ ಮಲೆಯಾಳ ಪದ ಪರಿಚಿತ. ಪದ ತಿಳಿದರೆ ಸಾಲದು. ಈ ಬೆಳಕಿನ ಗುಟ್ಟು ಮನುಷ್ಯನಿಗೆ ಹೇಗೆ ತಿಳಿಯಿತು ಎಂಬುದೂ ಮಕ್ಕಳಿಗೆ ತಿಳಿದಿರಬೇಕೆಂದು ನಾವು ಭಾವಿಸುತ್ತೇವೆ.

ಮೊದಲ ಸುಳಿವು ಸಿಕ್ಕಿದ್ದು ಕಡಲಿನಿಂದಲ್ಲ, ಕೊಳೆತ ಮರದಿಂದ! ಕತ್ತಲಲ್ಲಿ ಮಿನುಗುವ ಮರದ ತುಂಡೊಂದನ್ನು 1667ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಗಾಜಿನ ಪಾತ್ರೆಯಲ್ಲಿಟ್ಟು ಗಾಳಿಯನ್ನು ಹೊರತೆಗೆದರು. ಬೆಳಕು ನಂದಿತು. ಗಾಳಿ ಬಿಟ್ಟೊಡನೆ ಮರಳಿ ಬಂತು. ಇಂಥ ಬೆಳಕಿಗೆ ಗಾಳಿ ಬೇಕು ಎಂದಾಯಿತು.

ಕಡಲಿನ ಬೆಳಕು ಉಪ್ಪು ಮತ್ತು ನೀರಿನ ತಿಕ್ಕಾಟದಿಂದ ಹುಟ್ಟುವ ವಿದ್ಯುತ್ತಿರಬಹುದು ಎಂದು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಮೊದಲು ನಂಬಿದ್ದರು. ಆಮೇಲೆ ಕಡಲ ನೀರನ್ನು ಬಾಟಲಿಯಲ್ಲಿ ತುಂಬಿಸಿ ಕುಲುಕಿ ನೋಡಿದರು. ಹೊಸ ನೀರು ಹೊಳೆಯಿತು. ಕೆಲವು ಗಂಟೆ ಕಳೆದ ಮೇಲೆ ಹೊಳೆಯಲಿಲ್ಲ. ಉಪ್ಪನ್ನು ನೀರಿಗೆ ಹಾಕಿ ಕದಡಿದರೂ ಬೆಳಕು ಬರಲಿಲ್ಲ. ಉಪ್ಪೇ ಕಾರಣವಾಗಿದ್ದರೆ ಹೀಗಾಗಬಾರದಿತ್ತಲ್ಲವೇ? 1750ರ ದಶಕದಲ್ಲಿ ಅವರು ತಮ್ಮ ಅಭಿಪ್ರಾಯವನ್ನು ಕೈಬಿಟ್ಟರು.

ಕಾರಣ ನೀರಿನಲ್ಲಿದ್ದ ಜೀವಿ. 1810ರಲ್ಲಿ ಜೇಮ್ಸ್ ಮೆಕಾರ್ಟ್ನಿ ವರ್ಣಿಸಿದ ಒಂದು ಜೀವಿಯನ್ನು ಇಂದು ‘ನಾಕ್ಟಿಲೂಕ’ ಎನ್ನುತ್ತೇವೆ. ಒಂದೇ ಕೋಶದ ಇದರ ಗಾತ್ರ ಸುಮಾರು ಅರ್ಧ ಮಿಲಿಮೀಟರ್. ತೆರೆ ಬಡಿದಾಗ, ಮೀನು ತಾಗಿದಾಗ ಕ್ಷಣಮಾತ್ರ ಮಿನುಗುತ್ತದೆ. ಅಸಂಖ್ಯ ಕೋಶಗಳು ಸೇರಿದರೆ ತೆರೆಯೇ ಬೆಳಗುತ್ತದೆ. ಬೆಳಕಿನ ರಸಾಯನವನ್ನು ಬಿಡಿಸಿದವರು ಫ್ರಾನ್ಸಿನ ರಫೇಲ್ ದುಬ್ವಾ. 1880ರ ದಶಕದಲ್ಲಿ ಹೊಳೆಯುವ ಕೀಟ ಮತ್ತು ಚಿಪ್ಪುಜೀವಿಗಳನ್ನು ಪರೀಕ್ಷಿಸಿ, ಎರಡು ಪದಾರ್ಥಗಳು ಕೂಡಿದಾಗಲೇ ಬೆಳಕು ಬರುವುದೆಂದು ಅವರು ತೋರಿಸಿದರು. ಅವುಗಳಿಗೆ ಲೂಸಿಫೆರಿನ್, ಲೂಸಿಫೆರೇಸ್ ಎಂದು ಹೆಸರಿಟ್ಟರು. ಇವುಗಳ ಜೊತೆ ಆಮ್ಲಜನಕವೂ ಬೇಕು. ಬಾಯ್ಲ್ ಅವರ ಮರ ನಂದಿದ್ದೇಕೆಂದು ಈಗ ತಿಳಿಯಿತಲ್ಲ!

ಈ ಚರಿತ್ರೆಯಲ್ಲಿ ನಮ್ಮ ಕರಾವಳಿಗೂ ಒಂದು ಅಧ್ಯಾಯವಿದೆ. ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲವದು. ಮಲಬಾರ್ ಮತ್ತು ದಕ್ಷಿಣ ಕನ್ನಡದ ಕಡಲಿನಲ್ಲಿ ಮಳೆಗಾಲದ ನಂತರ ಮೀನುಗಳು ರಾಶಿರಾಶಿಯಾಗಿ ಸಾಯುವುದನ್ನು ಪ್ರಾಂತ್ಯದ ಮೀನುಗಾರಿಕಾ ಅಧಿಕಾರಿ ಜೇಮ್ಸ್ ಹಾರ್ನೆಲ್ 1917ರಲ್ಲಿ ದಾಖಲಿಸಿದರು. ನೀರಿನ ಸೂಕ್ಷ್ಮಜೀವಿಯೊಂದು ಕಾರಣ ಎಂದರು. 1950ರಲ್ಲಿ ಭೀಮಾಚಾರ್ ಮತ್ತು ಜಾರ್ಜ್ ಎಂಬ ವಿಜ್ಞಾನಿಗಳು ಇದೇ ಕರಾವಳಿಯಲ್ಲಿ ಮೀನುಗಾರಿಕೆ ಹಠಾತ್ತನೆ ಕುಸಿಯುವುದಕ್ಕೆ ‘ಕೆಂಪು ನೀರು’ ಕಾರಣವಿರಬಹುದೆಂದು ಬರೆದರು. ಅವರು ಹೆಸರಿಸಿದ ಜೀವಿ ನಾಕ್ಟಿಲೂಕ! ರಾತ್ರಿ ನೀಲಿಯಾಗಿ ಹೊಳೆಯುವ ಅದೇ ಜೀವಿ ಹಗಲಿನಲ್ಲಿ ನೀರನ್ನು ಕೆಂಪಾಗಿಸುತ್ತದೆ. ಬೆಳಕು ಕಂಡಾಗಲೆಲ್ಲ ಮೀನು ಹೋಗುತ್ತದೆ ಎಂದಲ್ಲ. ಆದರೆ ಈ ಜೀವಿಗಳು ಮಿತಿಮೀರಿ ಬೆಳೆದು ಸತ್ತಾಗ ನೀರಿಗೆ ಅಮೋನಿಯ ಸೇರುತ್ತದೆ, ಆಮ್ಲಜನಕ ಕಡಿಮೆಯಾಗುತ್ತದೆ. ತೀರಕ್ಕೆ ನೋಡಲು ಬಂದವರಿಗೆ ಅದು ಸೊಬಗು. ಬೂತಾಯಿ, ಬಂಗುಡೆ ನಂಬಿ ಬದುಕುವ ಮನೆಗಳಿಗೆ ಅದು ಅನ್ನದ ಪ್ರಶ್ನೆ. ನಮ್ಮ ಶಾಲೆಗಳಲ್ಲಿ ಆ ಮನೆಗಳ ಮಕ್ಕಳೂ ಇದ್ದಾರೆ.

ಆದ್ದರಿಂದ ಅಧ್ಯಾಪಕ ಮಿತ್ರರಲ್ಲಿ ನಮ್ಮದೊಂದು ವಿನಂತಿ. ಕಡಲು ಬೆಳಗಿದ ಸುದ್ದಿ ಬಂದರೆ ಮೀನುಗಾರ ಹಿರಿಯರನ್ನು ಶಾಲೆಗೆ ಕರೆಸಿ. ನೀರಿನ ಬಣ್ಣ, ಮೀನಿನ ಹೆಚ್ಚುಕಡಿಮೆಯ ಬಗ್ಗೆ ಅವರು ಹೇಳಿದ್ದನ್ನು ಮಕ್ಕಳಿಂದ ದಿನಾಂಕ ಸಹಿತ ಬರೆಸಿಡಿ. ದೊಡ್ಡವರ ಜೊತೆ ತೀರಕ್ಕೆ ಹೋದ ಮಕ್ಕಳು ಒಂದು ಬಾಟಲಿ ನೀರು ತಂದು, ಕತ್ತಲೆಯಲ್ಲಿ ಗಂಟೆಗೊಮ್ಮೆ ಕುಲುಕಿ ನೋಡಲಿ. ಫ್ರಾಂಕ್ಲಿನ್ ಅವರ ಪ್ರಯೋಗಕ್ಕೆ ಅಷ್ಟೇ ಸಾಕು.