ಗುಂಡಿನ ಮೇಲಿನ ಗುರುತು

ದುಮ್ಮವಾಡದ ಕಡೆಯಿಂದ ರೈಲು ಹತ್ತಲು ಧಾರವಾಡಕ್ಕೆ ಬರುತ್ತಿದ್ದ ಹಿರಿಯರನ್ನು ಕೇಳಿ ನೋಡಿರಿ. ಬೆತ್ತದ ಬಳೆಗೆ ಚರ್ಮದ ಚೀಲ ಕಟ್ಟಿ ಡ್ರೈವರನ ಕೈಗೆ ದಾಟಿಸುತ್ತಿದ್ದುದು ಅವರಿಗೆ ನೆನಪಿರಬಹುದು. ಚೀಲದಲ್ಲಿ ಉಕ್ಕಿನ ಒಂದು ಗುಂಡು. ಒಂಟಿ ಹಳಿಯ ಮೇಲೆ ಎರಡು ಸ್ಟೇಷನ್ನುಗಳ ನಡುವೆ, ಆ ಗುಂಡನ್ನು ಪಡೆದ ಗಾಡಿಯೊಂದೇ ಹೋಗತಕ್ಕದ್ದು. ಯಾವ ಎರಡು ಸ್ಟೇಷನ್ನುಗಳೆಂಬುದನ್ನು ಗುಂಡಿನ ಮೇಲೆಯೇ ಕೆತ್ತಿರುತ್ತಿದ್ದರು.

ಆ ಗುರುತನ್ನು ಓದದಿದ್ದರೆ ಏನಾಗುತ್ತದೆ? 1921ರ ಜನವರಿ 26ರಂದು ವೇಲ್ಸ್ ನಾಡಿನ ಆಬರ್‌ಮ್ಯೂಲ್ ಸ್ಟೇಷನ್ನಿನಲ್ಲಿ, ಡ್ರೈವರನು ತಂದೊಪ್ಪಿಸಿದ ಬಿಲ್ಲೆಯನ್ನೇ ಮುಂದಿನ ದಾರಿಯದೆಂದು ಭಾವಿಸಿ ಅವನಿಗೆ ತಿರುಗಿ ಕೊಟ್ಟರು. ಅಲ್ಲಿ ಗುಂಡಿನ ಬದಲು ಬಿಲ್ಲೆ, ಪದ್ಧತಿ ಅದೇ. ಹಲವು ಕೈ ದಾಟಿದರೂ ಅದರ ಮೇಲಿನ ಹೆಸರನ್ನು ಒಬ್ಬರೂ ಓದಲಿಲ್ಲ. ಎದುರಿನಿಂದ ಬಂದ ಎಕ್ಸ್‌ಪ್ರೆಸ್ಸಿಗೆ ಗಾಡಿ ಡಿಕ್ಕಿ ಹೊಡೆದು 17 ಜನ ಮಡಿದರು.

ಗಣಕಯಂತ್ರದೊಳಗೂ ಇಂಥ ಒಂಟಿ ಹಳಿಗಳುಂಟು. ಖಾತೆಯಲ್ಲಿ 500 ರೂಪಾಯಿ ಇದೆಯೆನ್ನಿ. ಇಬ್ಬರು ಗುಮಾಸ್ತರಂತೆ ಎರಡು ಕೆಲಸಗಳು ಏಕಕಾಲಕ್ಕೆ ಅದನ್ನು ಓದಿ, ಒಂದು 100 ಕೂಡಿಸಿ 600 ಎಂದು ಬರೆಯುತ್ತದೆ. ಇನ್ನೊಂದು 50 ಕೂಡಿಸಿ 550 ಎಂದು ಅದರ ಮೇಲೆಯೇ ಬರೆಯುತ್ತದೆ. ನಿಮ್ಮ ನೂರು ರೂಪಾಯಿ ಮಾಯ! ಇದನ್ನು ತಡೆಯಲು ಡಚ್ ವಿದ್ವಾಂಸ ಡೈಕ್‌ಸ್ಟ್ರಾ 1960ರ ದಶಕದಲ್ಲಿ ಹೂಡಿದ ಉಪಾಯಕ್ಕೆ, ರೈಲಿನ ಕೈಮರಕ್ಕಿದ್ದ 'ಸೆಮಫೋರ್' ಎಂಬ ಹೆಸರನ್ನೇ ಇಟ್ಟನು.

1996ರಲ್ಲಿ ಬಳಕೆಗೆ ಬಂದ ಜಾವಾ ಎಂಬ ಗಣಕಭಾಷೆ ಯಾವ ವಸ್ತುವನ್ನಾದರೂ ಬೀಗವಾಗಿ ಬಳಸಗೊಟ್ಟಿತು. ಈ ಔದಾರ್ಯ ತುಸು ಅತಿಯಾಯಿತೆಂದೇ ನನ್ನ ಎಣಿಕೆ. ಒಂದೇ ಖಾತೆಗೆ ಇಬ್ಬರು ಬೇರೆ ಬೇರೆ ಬೀಗ ಹಾಕಿಕೊಂಡರೆ ಇಬ್ಬರೂ ಒಳಗೆ ಬಂದಂತೆಯೇ. ಉದ್ಧರಣ ಚಿಹ್ನೆಗಳ ನಡುವಿನ ಪದವನ್ನು ಬೀಗ ಮಾಡಿಕೊಂಡರೆ ಇನ್ನೊಂದು ಫಜೀತಿ: ಪರಸ್ಪರ ಪರಿಚಯವೇ ಇಲ್ಲದ ಇಬ್ಬರು ಅದೇ ಪದ ಬರೆದಿದ್ದರೆ ಜಾವಾ ಇಬ್ಬರಿಗೂ ಒಂದೇ ಬೀಗ ಕೊಡುತ್ತದೆ, ಒಬ್ಬನ ಕೆಲಸ ಸುಮ್ಮನೆ ನಿಲ್ಲುತ್ತದೆ. ಅಂಕಿಗಳ ಪೆಟ್ಟಿಗೆಯಾದ 'ಇಂಟಿಜರ್' ಅನ್ನು ಬೀಗ ಮಾಡಿದರೆ 2021ರ ಜಾವಾ 16ರಿಂದ ಎಚ್ಚರಿಕೆಯೇ ಬರುತ್ತದೆ.

ಆದ್ದರಿಂದ ಬಲ್ಲವರು ಬೀಗಕ್ಕೆಂದೇ ಒಂದು ವಸ್ತುವನ್ನು ಬೇರೆಯಾಗಿ ಇಡುತ್ತಾರೆ. ಹೊರಗಿನವರ ಕೈಗೆ ಎಟುಕದಂತೆ, ನಡುವೆ ಬದಲಾಗದಂತೆ. ಬರಿದೆ 'ಲಾಕ್' ಎನ್ನದೆ 'ಅಕೌಂಟ್‌ಲಾಕ್' ಎಂದು ಕಾಯುವ ಸೊತ್ತಿನ ಹೆಸರನ್ನೇ ಅದಕ್ಕೆ ಇಡುತ್ತಾರೆ. ಬ್ರಯಾನ್ ಗೆಟ್ಜ್ ಮತ್ತು ಸಂಗಡಿಗರು 2006ರ ತಮ್ಮ ಗ್ರಂಥದಲ್ಲಿ ಸೊತ್ತಿನ ಕಡೆಯೂ ಒಂದು ಚೀಟಿ ಅಂಟಿಸಲು ಹೇಳಿದರು: 'ಗಾರ್ಡೆಡ್‌ಬೈ', ಅಂದರೆ ಇದನ್ನು ಇಂಥ ಬೀಗ ಕಾಯುತ್ತದೆ ಎಂದು. ಜಾವಾ ತಾನಾಗಿ ಆ ಚೀಟಿಯನ್ನು ಪರೀಕ್ಷಿಸುವುದಿಲ್ಲ. ಅದಕ್ಕೆ ಬೇರೆ ಸಾಧನ ಹಚ್ಚಬೇಕು. ಇಲ್ಲವೆ, ಆಬರ್‌ಮ್ಯೂಲಿನಲ್ಲಿ ಬೇಕಾಗಿದ್ದಂತೆ, ಯಾರಾದರೊಬ್ಬರು ನಿಂತು ಓದಬೇಕು.