ಮುಂಗೈ ಮೇಲಿನ ಚೇಳು

ನಮ್ಮ ಕಡೆ ಅಟ್ಟದಿಂದ ಕಾಯಿ ಇಳಿಸಿದ ದಿನ ಹೆಂಗಸರ ಕೈ ನೋಡಬೇಕು. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂತು, ಒಳಗಿನ ನೀರು ಪೂರಾ ಇಂಗಿ, ಅಲ್ಲಾಡಿಸಿದರೆ ಲೊಡಲೊಡ ಅನ್ನುವ ಕಾಯನ್ನು ಗಂಡಸರು ಸುಲಿದು ಹಾಕುತ್ತಾರೆ. ಉಂಡೆ ಕೊಬ್ಬರಿ ಬಿರುಕು ಬಿಡದ ಹಾಗೆ ಕರಟ ಬಿಡಿಸುವುದು ಹೆಚ್ಚಾಗಿ ಹೆಂಗಸರ ಪಾಲು. ತಿಪಟೂರು ಮಾರುಕಟ್ಟೆಯಲ್ಲಿ ಹೋಳಾದ ಕೊಬ್ಬರಿಗೆ ಉಂಡೆಯ ಬೆಲೆ ಸಿಗುವುದಿಲ್ಲ, ಹಾಗಾಗಿ ಕೈ ಹುಷಾರು. ನಾನು ಚಿಕ್ಕವಳಿದ್ದಾಗ ಆ ಸಾಲಿನಲ್ಲಿ ಬರಿಗೈ ಅಂತ ಒಂದೂ ಇರಲಿಲ್ಲ. ಎಲ್ಲರ ಮುಂಗೈಯಲ್ಲೂ ಹಸಿರು ಗೀಟು, ಚುಕ್ಕಿ, ತುಳಸಿಕಟ್ಟೆ, ತೊಟ್ಟಿಲು. ನಮ್ಮಜ್ಜಿಯ ಬಲಗೈಯಲ್ಲಿ ಬಾಲ ಎತ್ತಿದ ಚೇಳು. ಕರಟ ಬಿಡಿಸುವಾಗ ನರ ಬಿಗಿದರೆ ಅದು ನಿಜಕ್ಕೂ ಹರಿದಾಡುತ್ತಿತ್ತು.

ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ನೊಣವಿನಕೆರೆ, ತುರುವೇಕೆರೆ, ಹುಳಿಯಾರು ಕಡೆಯ ನೆಂಟರ ಹುಡುಗಿಯರು ನರ್ಸಿಂಗ್ ಸೇರುವ ಮುಂಚೆ ನನ್ನ ಹತ್ತಿರ ಬರುತ್ತಾರೆ. ಮೊದಲೆಲ್ಲ ಫೀಸು, ಹಾಸ್ಟೆಲು ಕೇಳುತ್ತಿದ್ದರು. ಈಗ ತೋಳು ಮಡಿಸಿ ಮಣಿಕಟ್ಟು ತೋರಿಸಿ, ‘ಆಂಟಿ, ಟ್ಯಾಟೂ ಇದ್ರೆ ತಗೊಳಲ್ವಂತೆ, ಹೌದಾ?’ ಅನ್ನುತ್ತಾರೆ. ಅಜ್ಜಿಯ ಕಾಲಕ್ಕೆ ಹಚ್ಚೆ ಇಲ್ಲದಿದ್ದರೆ ಕೇಳುತ್ತಿದ್ದರು, ಮೊಮ್ಮಗಳ ಕಾಲಕ್ಕೆ ಇದ್ದರೆ ಕೇಳುತ್ತಾರೆ. ನರ್ಸಿಂಗ್‌ಗೂ ಹಚ್ಚೆಗೂ ಇರುವ ಈ ಜಗಳದಲ್ಲಿ ಆರೋಗ್ಯದ ಮಾತು ಕೊಂಚ, ಮರ್ಯಾದೆಯ ಮಾತು ಬಹಳ ಅಂತ ನನ್ನ ಅನಿಸಿಕೆ.

ಹಚ್ಚೆ ಹುಯ್ಯುತ್ತಿದ್ದವರು ಕೊರಮ, ಕೊರಚರ ಹೆಂಗಸರು. ಊರವರ ಬಾಯಲ್ಲಿ ಅವರೆಲ್ಲ ‘ಕೊರವಂಜಿ’. ತೊಗಲುಗೊಂಬೆ ಆಡಿಸುವ ಸಿಳ್ಳೇಕ್ಯಾತರ ಮನೆಯ ಹೆಂಗಸರದೂ ಇದೇ ಕಸುಬು. ರಾತ್ರಿ ಗಂಡಸರು ಪರದೆಯ ಹಿಂದೆ ರಾಮಾಯಣ ಆಡಿಸಿದರೆ, ಹಗಲು ಹೆಂಗಸರು ಅದೇ ಸೀತೆಯ ಸೆರಗನ್ನು ಊರ ಹೆಣ್ಣುಮಕ್ಕಳ ಕೈಮೇಲೆ ಬರೆಯುತ್ತಿದ್ದರು. ಸುಗ್ಗಿ ಮುಗಿದು ಕೈ ಬಿಡುವಾದಾಗ ಹಟ್ಟಿ ಮುಂದೆ ಬುಟ್ಟಿ ಇಳಿಸುವುದು. ಹರಳೆಣ್ಣೆ ದೀಪದ ಮೇಲೆ ಮಡಕೆ ಬೋರಲು ಹಾಕಿ ಹಿಡಿದ ಕಾಡಿಗೆ, ಅದಕ್ಕೆ ಸೊಪ್ಪಿನ ರಸ, ಮನೆಯಲ್ಲಿ ಬಾಣಂತಿ ಇದ್ದರೆ ಎರಡು ತೊಟ್ಟು ಎದೆಹಾಲು. ಕಡ್ಡಿಯಲ್ಲಿ ಮೊದಲು ಗೀಟು ಬರೆದು, ಮೂರು ನಾಲ್ಕು ಸೂಜಿಯನ್ನು ದಾರದಲ್ಲಿ ಬಿಗಿದ ಕಟ್ಟಿನಿಂದ ಚುಚ್ಚುತ್ತಾ ಹೋಗುವುದು. ಹುಡುಗಿ ಕಿರುಚದ ಹಾಗೆ ಪದ ಹೇಳುವುದು. ಇಬ್ಬರು ಕೈ ಅಮುಕಿ ಹಿಡಿದಿರುತ್ತಿದ್ದರು ಅನ್ನುವುದನ್ನು ಪದ ಹೇಳುವವರು ಮರೆಯುತ್ತಾರೆ. ಮುಗಿದ ಮೇಲೆ ಅರಿಸಿನ, ಎಣ್ಣೆ. ಕೂಲಿಯೆಂದರೆ ರಾಗಿ, ಎಲೆ ಅಡಿಕೆ, ಒಂದು ಹಳೇ ಸೀರೆ, ನಮ್ಮ ಕಡೆಯಾದ್ದರಿಂದ ಎರಡು ಕಾಯಿ.

ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯ ನೆರಳು ಈ ಅಲೆಮಾರಿಗಳ ಮೇಲೆ ಹಲವು ದಶಕ ಬಿದ್ದಿತ್ತು. ಕೊರಚರು, ಕೊರಮರು ಹುಟ್ಟುತ್ತಲೇ ಕಳ್ಳರು ಎಂಬಂತೆ ಪೊಲೀಸರ ಪಟ್ಟಿಯಲ್ಲಿದ್ದರು. ಕಾಯಿದೆ ರದ್ದಾದದ್ದು 1952ರಲ್ಲಿ. ಗಂಡನನ್ನು ಠಾಣೆಗೆ ಕರೆದು ಕೂರಿಸಿದ ಊರೇ ಹೆಂಡತಿಯನ್ನು ಜಗುಲಿಗೆ ಕರೆದು ಮಗಳ ಕೈ ಕೊಡುತ್ತಿತ್ತು. ಹಚ್ಚೆಯ ಬಗ್ಗೆ ಅಷ್ಟು ಚೆಂದ ಚೆಂದ ಬರೆದವರು ಈ ಮಾತನ್ನು ಯಾಕೋ ಪಕ್ಕಕ್ಕೆ ಸರಿಸಿದ್ದಾರೆ.

ಒಡವೆ ಕಳ್ಳ ಕದೀತಾನೆ, ಗಂಡ ಅಡ ಇಡ್ತಾನೆ, ಸತ್ತಾಗ ಹೊತ್ಕೊಂಡು ಹೋಗೋದು ಹಚ್ಚೆ ಒಂದೇ ಅಂತ ಅಜ್ಜಿ ಹೇಳೋರು. ಸೊಸೆಯ ಬರಿಗೈ ಕಂಡರೆ ತವರಿನವರು ಅಷ್ಟಕ್ಕೂ ಗತಿಯಿಲ್ಲದವರಾ ಅನ್ನುತ್ತಿದ್ದ ಅತ್ತೆಯರಿದ್ದರು.

ಈ ಕೈಗಳ ಊರಿಗೆ ನರ್ಸಿಂಗ್ ಬಂದದ್ದು ಬೇರೆಯೇ ಮನೆಯಿಂದ. ಫ್ಲಾರೆನ್ಸ್ ನೈಟಿಂಗೇಲ್ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1860ರಲ್ಲಿ ಶಾಲೆ ತೆರೆದಾಗ, ನರ್ಸ್ ಅಂದರೆ ಕುಡುಕಿ, ಗಯ್ಯಾಳಿ ಎಂಬ ಹೆಸರನ್ನು ತೊಳೆಯುವುದೇ ದೊಡ್ಡ ಕೆಲಸವಾಗಿತ್ತು. ಬಿಳಿ ಏಪ್ರನ್ನು, ಟೋಪಿ, ಬಿಗಿದು ಕಟ್ಟಿದ ಕೂದಲು ಎಲ್ಲ ಅದಕ್ಕಾಗಿ. ಮೈಸೂರು ಸೀಮೆಗೆ ಆ ಶಿಸ್ತನ್ನು ಮುಖ್ಯವಾಗಿ ತಂದವರು ಮಿಷನ್ನಿನವರು, ಕ್ರೈಸ್ತ ಸನ್ಯಾಸಿನಿಯರು: ಬೆಂಗಳೂರಿನ ಸೇಂಟ್ ಮಾರ್ಥಾಸ್ 1886ರದು, ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರದು. ಅರಸೀಕೆರೆ ದಾಟಿದರೆ ಹಾಸನದಲ್ಲಿ ರೆಡ್‌ಫರ್ನ್ ಆಸ್ಪತ್ರೆ. ಇಂಗ್ಲೆಂಡಿನಲ್ಲಿ ಆಗ ಮೈಮೇಲೆ ಚಿತ್ರ ಬರೆಸಿಕೊಂಡವರೆಂದರೆ ಸಾಮಾನ್ಯರ ಕಣ್ಣಿಗೆ ನಾವಿಕರು, ಸಿಪಾಯಿಗಳು, ಸರ್ಕಸ್ಸಿನವರು. ನಮ್ಮ ಕಡೆಯ ಗರತಿಯ ಗುರುತು ಅಲ್ಲಿಯ ಪೋಲಿಯ ಗುರುತು. ಆಸ್ಪತ್ರೆ ಯಾರ ಕಣ್ಣಿನಿಂದ ನೋಡಿತು ಎಂದು ಹೇಳಬೇಕಾಗಿಲ್ಲ.

ತಮಾಷೆಯೆಂದರೆ, ಸರ್ಕಾರಕ್ಕೆ ಬೇಕಾದ ಗುರುತನ್ನು ಯಾರೂ ಮುಚ್ಚಿಡಲಿಲ್ಲ. ಚಿತ್ರಕಾರ ಥಾಮಸ್ ಹಿಕ್ಕಿ 1805ರ ಸುಮಾರಿಗೆ ಬರೆದ, ಮೈಸೂರು ಅರಮನೆಯ ಮೂವರು ರಾಣಿಯರದೆಂದು ಗುರುತಿಸಲಾದ ಚಿತ್ರವಿದೆ. ಒಬ್ಬ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ, ಸಿಡುಬಿನ ಚುಚ್ಚುಮದ್ದು ಹಾಕಿಸಿಕೊಂಡದ್ದನ್ನು ಊರಿಗೆ ಸಾರಲು ಎಂದು ಇತಿಹಾಸಕಾರರು ಓದುತ್ತಾರೆ. ಅದೂ ಚುಚ್ಚಿದ ಕಲೆಯೇ ತಾನೆ? ನಾನು ನರ್ಸಿಂಗ್ ಕಲಿಯಲು ಸೇರಿದಾಗ ತೋಳಿನ ಮೇಲೆ ಸಿಡುಬಿನ ಚುಚ್ಚುಮದ್ದಿನ ಕಲೆ ಎಲ್ಲರಿಗೂ ಇತ್ತು, ಯಾರೂ ಬಾಯಿಬಿಡಲಿಲ್ಲ. ಚಿಕ್ಕನಾಯಕನಹಳ್ಳಿ ಕಡೆಯಿಂದ ಬಂದಿದ್ದ ನನ್ನ ಜೊತೆಗಾತಿಯ ಹಣೆಯ ನಡುವೆ ಮೂರು ಚುಕ್ಕಿ, ಮುಂಗೈಯಲ್ಲಿ ಬಾಸಿಂಗ ಇತ್ತು. ಬೆಳಿಗ್ಗೆ ಉಗುರು, ಜಡೆ, ಇಸ್ತ್ರಿ ನೋಡುವ ಸಾಲಿನಲ್ಲಿ ಸಿಸ್ಟರ್ ಒಬ್ಬರು ಅವಳ ಕೈಯನ್ನು ತಿರುಗಿಸಿ ಮುರುಗಿಸಿ, ‘ಇದೇನು, ಹಳ್ಳಿ ಹೆಂಗಸಿನ ಹಾಗೆ’ ಅಂದರು. ಅವಳು ಹಳ್ಳಿ ಹೆಂಗಸೇ. ಪ್ಯೂಮಿಸ್ ಕಲ್ಲು ತಂದು ಉಜ್ಜಿದಳು, ಚರ್ಮ ಕಿತ್ತು ಗಾಯವಾಯಿತು, ಗಾಯ ಮಾಯಿತು, ಬಾಸಿಂಗ ಹಾಗೇ ಇತ್ತು. ಬಣ್ಣ ಕೂತಿರುವುದು ಹೊರಪದರದಲ್ಲಲ್ಲ, ಅದರ ಕೆಳಗಿನ ಒಳಚರ್ಮದಲ್ಲಿ, ಅಲ್ಲಿನ ಜೀವಕೋಶಗಳು ಅದನ್ನು ನುಂಗಿ ಹಿಡಿದುಕೊಂಡಿರುತ್ತವೆ. ನಮಗೆ ಚರ್ಮದ ಪದರಗಳ ಪಾಠ ಮಾಡಿದ್ದು ಅದೇ ತಿಂಗಳಲ್ಲಿ.

ಆಸ್ಪತ್ರೆಯ ಬಾಗಿಲಾಚೆ ಹೆರಿಗೆ ಮಾಡಿಸುತ್ತಿದ್ದ ಸೂಲಗಿತ್ತಿಯರ ಕೈಯನ್ನು ಯಾರೂ ಹೀಗೆ ತಿರುಗಿಸಿ ನೋಡಿದ್ದಿಲ್ಲ. ನಮ್ಮ ಜಿಲ್ಲೆಯವರೇ ಆದ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ತುಮಕೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅವರು ತೀರಿಕೊಂಡದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ. ಅವರು ಮಾಡಿಸಿದ ಹೆರಿಗೆಗಳನ್ನು ಸಾವಿರಗಳ ಲೆಕ್ಕದಲ್ಲಿ ಹೇಳುತ್ತಾರೆ.

ವಾರ್ಡಿನಲ್ಲಿ ಹಚ್ಚೆ ನನಗೆ ಎರಡು ಪಾಠ ಕಲಿಸಿತು. ಒಂದು, ದಟ್ಟವಾಗಿ ಹಚ್ಚೆ ಇರುವ ಮುಂಗೈಯಲ್ಲಿ ನರವನ್ನು ಕಣ್ಣಿನಿಂದ ಹುಡುಕಬಾರದು. ಹಸಿರು ಗೀಟೇ ನರವೆಂದು ಹೊಸಬರು ಮೋಸಹೋಗುತ್ತಾರೆ, ಬೆರಳಿಟ್ಟು ಒತ್ತಿ ನೋಡಬೇಕು. ಇನ್ನೊಂದು ಓಪಿಡಿ ಚೀಟಿಯದು. ‘ಯಜಮಾನರ ಹೆಸರೇನಮ್ಮ?’ ಅಂದರೆ ಆ ಕಾಲದ ಹೆಂಗಸರು ಬಾಯಿ ಬಿಡರು. ಗಂಡನ ಹೆಸರು ಹೇಳುವುದುಂಟೆ? ಕೆಲವರು ಸುಮ್ಮನೆ ತೋಳು ಚಾಚುತ್ತಿದ್ದರು. ಅಲ್ಲಿ ‘ರಂಗಯ್ಯ’ ಅಂತಲೋ ‘ಸಿದ್ದಪ್ಪ’ ಅಂತಲೋ ಬರೆದಿರುತ್ತಿತ್ತು. ನಾನು ಓದಿ ಬರೆದುಕೊಳ್ಳುತ್ತಿದ್ದೆ.

ಆ ಅಕ್ಷರಗಳು ಕೊರವಂಜಿಯವಲ್ಲ, ಯಂತ್ರದವು. ಎಡಿಸನ್ನನ ಎಲೆಕ್ಟ್ರಿಕ್ ಪೆನ್ನನ್ನು ತಿದ್ದಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ 1891ರಲ್ಲಿ ಪೇಟೆಂಟ್ ಪಡೆದ ಯಂತ್ರದ ಬಡಕಲು ಮೊಮ್ಮಕ್ಕಳು ನಮ್ಮ ಜಾತ್ರೆಗಳಿಗೂ ಬಂದವು. ಬ್ಯಾಟರಿ, ಗುಯ್‌ಗುಡುವ ಒಂದು ಸೂಜಿ, ಒಂದು ಬಣ್ಣದ ಬಟ್ಟಲು. ಎಡೆಯೂರಿನ ತೇರಿಗೆ ಹೋದವರೆಲ್ಲ ಅದೇ ಸೂಜಿಗೆ ಕೈ ಒಡ್ಡಿದವರು. ಇಲ್ಲಿ ನಾನು ಸಿಸ್ಟರ್ ಪಕ್ಷ. ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗಿದರೆ ಕಾಮಾಲೆ ತರುವ ಹೆಪಟೈಟಿಸ್ ಬಿ, ಸಿ ಹರಡುತ್ತದೆ. ಭಾರತದಲ್ಲಿ 1986ರಲ್ಲಿ ಎಚ್‌ಐವಿ ಪತ್ತೆಯಾದ ಮೇಲೆ ಸೂಜಿಯ ಭಯ ಹಳ್ಳಿಗೂ ಬಂತು, ಜಾತ್ರೆಯ ಹಚ್ಚೆಯವರ ಮುಂದಿನ ಸಾಲು ಕರಗಿತು. ಇವತ್ತಿಗೂ ಹಚ್ಚೆ ಹಾಕಿಸಿಕೊಂಡವರು ರಕ್ತದಾನಕ್ಕೆ ಒಂದು ವರ್ಷ ಕಾಯಬೇಕು. ಭಯ ಸೂಜಿಯದು, ಚಿತ್ರದ್ದಲ್ಲ. ಮಾಯ್ದ ಹಚ್ಚೆ ಸೋಪಿಗೂ ಸ್ಪಿರಿಟ್ಟಿಗೂ ಬಗ್ಗುವ ಬರೀ ಚರ್ಮ.

ಹುಡುಗಿಯರಿಗೆ ನಾನು ಹೇಳುವುದು ಇಷ್ಟು. ಸೈನ್ಯಕ್ಕೆ ಸೇರುವ ಮನಸ್ಸಿದ್ದರೆ, ಅಲ್ಲಿನ ನೇಮಕಾತಿಯಲ್ಲಿ ಮುಂಗೈಯ ಒಳಮೈ, ಅಂಗೈಯ ಹಿಂಬದಿ ಬಿಟ್ಟು ಬೇರೆಡೆ ಕಾಯಂ ಹಚ್ಚೆ ಒಪ್ಪುವುದಿಲ್ಲ, ಬುಡಕಟ್ಟಿನ ಪದ್ಧತಿಗೆ ವಿನಾಯಿತಿ ಉಂಟು. ಕಾಲೇಜುಗಳದು ಒಂದೊಂದರದು ಒಂದೊಂದು ರೀತಿ, ಪ್ರಿನ್ಸಿಪಾಲರ ಮರ್ಜಿಯೇ ನಿಯಮ. ಮುಚ್ಚಿಕೋ ಅನ್ನುತ್ತಾರೆ. ಮುಚ್ಚುವುದು ಹೇಗೆ? ರೋಗಿಯ ಹತ್ತಿರ ಹೋಗುವಾಗ ಮೊಣಕೈವರೆಗೆ ಬಟ್ಟೆ, ಬಳೆ, ವಾಚು ಏನೂ ಇರಬಾರದು ಅನ್ನುವುದು ಸೋಂಕು ತಡೆಯುವವರ ಪಾಠ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ 2007ರ ನಂತರ ಅದೇ ಕಟ್ಟಳೆ. ತೋಳು ಇಳಿಸು ಅನ್ನುವವರೂ ತೋಳು ಏರಿಸು ಅನ್ನುವವರೂ ಒಂದೇ ಕಟ್ಟಡದಲ್ಲಿದ್ದಾರೆ.

ತುರುವೇಕೆರೆ ಕಡೆಯ ಹುಡುಗಿಯೊಬ್ಬಳು ಮಣಿಕಟ್ಟಿನ ಹಕ್ಕಿಯ ಮೇಲೆ ಪ್ಲಾಸ್ಟರ್ ಅಂಟಿಸಿಕೊಂಡು ಪೋಸ್ಟಿಂಗ್‌ಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಪ್ಲಾಸ್ಟರಿನ ಅಂಚಿಗೆ ಕೊಳೆ ಕೂತು, ಹಕ್ಕಿಗಿಂತ ಅದೇ ಅಸಹ್ಯವಾಗಿತ್ತಂತೆ. ಹಾಸಿಗೆಯಲ್ಲಿದ್ದ ಹಂದನಕೆರೆಯ ಅಜ್ಜಿ, ‘ಏನಾಯ್ತವ್ವ ಕೈಗೆ?’ ಅಂದರಂತೆ. ಇವಳು ಆಚೆ ಈಚೆ ನೋಡಿ ಪ್ಲಾಸ್ಟರ್ ಎತ್ತಿ ತೋರಿಸಿದಳು. ಅಜ್ಜಿ ತನ್ನ ತೋಳನ್ನು ಪಕ್ಕದಲ್ಲಿಟ್ಟು ಅಳೆದು, ‘ಎಷ್ಟು ಕೊಟ್ಟೆ?’ ಅಂದರು. ಎರಡು ಸಾವಿರ.

‘ಅಯ್ಯೋ ನಿನ್ ಮನೆ ಕಾಯ್ವಾಗ! ಎರಡೂ ಕೈಗೆ ನಮ್ಮವ್ವ ಕೊಟ್ಟಿದ್ದು ಮೂರು ಸೇರು ರಾಗಿ ಕಣೆ’.