ಬಿಳಿಕಲ್ಲಿನ ಗುಡ್ಡ, ದುರ್ಗದ ಹಾದಿ: ಕೊಯಮತ್ತೂರು ಮತ್ತು ತಿರುಪ್ಪೂರು ಸದಸ್ಯರ ತಿಳಿವಳಿಕೆಗೆ

ದೀಪಾವಳಿ ಮುಗಿದು ಮಳೆ ಹಿಂದೆ ಸರಿಯುತ್ತಿದ್ದಂತೆ ಸಂಘದ ಕಚೇರಿಗೆ ಬರುವವರೆಲ್ಲ ಕೇಳುವುದು ಒಂದೇ: "ಈ ಸಲ ಯಾವ ಬೆಟ್ಟ?" ಕೆಲವರು ಕೇಳುವ ಗೋಜಿಗೂ ಹೋಗದೆ ಬೈಕ್ ಹತ್ತಿ ಹೊರಟು, ಅರಣ್ಯ ಇಲಾಖೆಯ ಗೇಟಿನಿಂದ ವಾಪಸಾದದ್ದೂ ಉಂಟು. ಆದಕಾರಣ ನಾವು ಇದುವರೆಗೆ ಕಾಲಾರೆ ನಡೆದು, ಗಾಡಿಯಲ್ಲಿ ಓಡಾಡಿ ತಿಳಿದದ್ದನ್ನು ಒಂದು ಕಡೆ ಬರೆದಿಡುತ್ತಿದ್ದೇವೆ.

ಮೊದಲು 'ಸುಣ್ಣದ ಬೆಟ್ಟ'ದ ವಿಚಾರ. ಸೇಲಂ ನಗರದ ಉತ್ತರಕ್ಕೆ, ಏರ್ಕಾಡು ಬೆಟ್ಟದ ಬುಡದಲ್ಲಿ ಬೆಳ್ಳಗೆ ಕಾಣುವ ಗುಡ್ಡಗಳಿಗೆ ಬ್ರಿಟಿಷರು 'ಚಾಕ್ ಹಿಲ್ಸ್' ಎಂದು ಹೆಸರಿಟ್ಟರು. ಹೆಸರು ನಂಬಿ ಹೋದವರಿಗೆ ನಿರಾಸೆ ಖಂಡಿತ, ಅಲ್ಲಿ ಚಾಕ್ ಇಲ್ಲ. ಚಾಕ್ ಎಂದರೆ ಕಡಲಿನ ಅತಿ ಸೂಕ್ಷ್ಮ ಜೀವಿಗಳ ಚಿಪ್ಪು ಕೋಟ್ಯಂತರ ವರ್ಷ ಅಡಿಯಲ್ಲಿ ಕೂತು ಆದ ಮೆದು ಸುಣ್ಣಕಲ್ಲು. ಸೇಲಂನಲ್ಲಿರುವುದು ಮ್ಯಾಗ್ನಸೈಟ್, ಊರಿನವರ ಬಾಯಲ್ಲಿ 'ವೆಳ್ಳೈಕಲ್'. ಭೂಮಿಯ ಆಳದಿಂದ ಬಂದ ಕಪ್ಪು ಶಿಲೆ ಕಾಲಕ್ರಮದಲ್ಲಿ ಮಾರ್ಪಟ್ಟು, ಅದರ ಬಿರುಕುಗಳಲ್ಲಿ ಬಿಳಿ ನರಗಳಂತೆ ಇದು ಹರಡಿಕೊಂಡಿದೆ. ಉಕ್ಕಿನ ಕುಲುಮೆಯ ಒಳಗೋಡೆಗೆ ಬೇಕಾದ, ಬೆಂಕಿಗೆ ಬಗ್ಗದ ಇಟ್ಟಿಗೆ ಆಗುವುದು ಇದರಿಂದಲೇ. ಗುರುತು ಹಿಡಿಯುವುದು ಸುಲಭ: ಸುಣ್ಣಕಲ್ಲಿನ ಮೇಲೆ ತೆಳು ಆಮ್ಲದ ಹನಿ ಬಿದ್ದರೆ ಬುರುಬುರು ನೊರೆ ಏಳುತ್ತದೆ, ತಣ್ಣನೆಯ ಮ್ಯಾಗ್ನಸೈಟ್ ಮೇಲೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಸೇಲಂ ದಾಟುವಾಗ 'ಮ್ಯಾಗ್ನಸೈಟ್ ಜಂಕ್ಷನ್' ಎಂಬ ರೈಲು ನಿಲ್ದಾಣದ ಫಲಕ ಕಂಡರೆ ಹೆಸರಿನ ಮೂಲ ಇದೇ ಎಂದು ತಿಳಿಯುವುದು. ಈ ಗುಡ್ಡಗಳನ್ನು ರಸ್ತೆಯಿಂದ ನೋಡಿದರೆ ಸಾಕು. ಗಣಿಯ ಒಳಕ್ಕೆ ಇಳಿಯಬಾರದು. ಬಿಟ್ಟುಹೋದ ಗುಂಡಿಗಳಲ್ಲಿ ನೀರು ನಿಂತಿರುತ್ತದೆ, ಅಂಚಿನ ಮಣ್ಣು ಸಡಿಲ.

ಕೊಯಮತ್ತೂರಿನ ಸದಸ್ಯರಿಗೆ ಹತ್ತಿರದ್ದು ಮದುಕ್ಕರೈ, ಪಾಲಕ್ಕಾಡ್ ರಸ್ತೆಯಲ್ಲಿ ಹನ್ನೆರಡು ಕಿ.ಮೀ. ಆಸುಪಾಸು. ಅಲ್ಲಿಯದು ನಿಜವಾದ ಸುಣ್ಣಕಲ್ಲು, ಆದರೆ ಭೂಮಿಯೊಳಗೆ ಬೆಂದು ಹರಳಾದದ್ದು. 1930ರ ದಶಕದಲ್ಲಿ ಸಿಮೆಂಟ್ ಕಾರ್ಖಾನೆ ಬಂದದ್ದು ಈ ಕಲ್ಲಿಗಾಗಿಯೇ. ಬೆಳಗಿನ ಸೈಕಲ್ ಸವಾರಿಗೆ ಹೇಳಿ ಮಾಡಿಸಿದ ದೂರ. ಆದರೆ ಸಂಜೆ ಮೇಲೆ ಬೇಡ. ಅದು ಆನೆ ದಾಟುವ ಜಾಗ. ರೈಲಿಗೆ ಸಿಕ್ಕಿ ಆನೆಗಳು ಸತ್ತದ್ದರಿಂದ 2024ರಲ್ಲಿ ಹಳಿಯುದ್ದಕ್ಕೂ ಕ್ಯಾಮೆರಾ ಕಾವಲು ಹಾಕಿದ್ದಾರೆ. ರೈಲಿನವರೇ ಅಷ್ಟು ಎಚ್ಚರ ವಹಿಸುವಾಗ ಸೈಕಲ್ಲಿನವರು ಎಷ್ಟು ವಹಿಸಬೇಕು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ದುರ್ಗಗಳು. ನಾವು ಎಲ್ಲಕ್ಕಿಂತ ಮೇಲೆ ಇಡುವುದು ಸಂಕಗಿರಿಯನ್ನು. ಸೇಲಂ ಜಿಲ್ಲೆಗೆ ಸೇರಿದ್ದರೂ ತಿರುಪ್ಪೂರಿನಿಂದ ಸುಮಾರು 75 ಕಿ.ಮೀ., ಕೊಯಮತ್ತೂರಿನಿಂದ ಸೇಲಂ ಹೆದ್ದಾರಿಯಲ್ಲಿ ಸುಮಾರು 120 ಕಿ.ಮೀ. ರೈಲಿನಲ್ಲಿ ಬರುವವರು ಈರೋಡು ದಾಟಿ ಇಳಿಯುವ ನಿಲ್ದಾಣದ ಹೆಸರಿನಲ್ಲಿ ಇಂದಿಗೂ 'ದುರ್ಗ' ಉಳಿದಿದೆ: ಸಂಕರಿದುರ್ಗ. ಬೆಟ್ಟ ಶಂಖದ ಆಕಾರದಲ್ಲಿದೆ, ಅದರಿಂದ ಈ ಹೆಸರು ಎನ್ನುತ್ತಾರೆ. ವಿಜಯನಗರದ ಕಾಲದಲ್ಲಿ, 15ನೇ ಶತಮಾನದಲ್ಲಿ ಕಟ್ಟಿದ ಕೋಟೆ. ಮೂರು ಕಡೆ ನೆಟ್ಟಗಿನ ಬಂಡೆ, ಹತ್ತಲು ಒಂದೇ ಕಡೆ ದಾರಿ. ಒಂದು ಗೋಡೆ ದಾಟಿದರೆ ಇನ್ನೊಂದು, ಹೀಗೆ ಹತ್ತಕ್ಕೂ ಹೆಚ್ಚು ಸುತ್ತು ಗೋಡೆಗಳು. ಕೊನೆಯವು ಕಂಪನಿಯವರು ಸೇರಿಸಿದ್ದು. ಮೇಲೆ ವರದರಾಜ ಪೆರುಮಾಳ್ ಗುಡಿ, ಮಸೀದಿ, ಕಣಜ, ಕಂಪನಿ ಕಾಲದ ಕಚೇರಿ ಕಟ್ಟಡಗಳಿವೆ. ಟಿಪ್ಪುವಿನ ಕಾಲದಲ್ಲಿ ಕೊಂಗುನಾಡಿನ ಕಂದಾಯ ಇಲ್ಲಿ ಜಮೆಯಾಗುತ್ತಿತ್ತು. ಮೂವತ್ತು ವರ್ಷ ಲೆಜರ್ ಬರೆದವರಿಗೆ ಆ ಕಟ್ಟಡಗಳ ಮುಂದೆ ಸ್ವಲ್ಪ ಹೊತ್ತು ಹೆಚ್ಚೇ ನಿಲ್ಲಬೇಕೆನಿಸುತ್ತದೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಕೊಂಗುನಾಡಿನ ಧೀರನ್ ಚಿನ್ನಮಲೈಯನ್ನು ಕಂಪನಿಯವರು 1805ರಲ್ಲಿ ನೇಣಿಗೇರಿಸಿದ್ದು ಇದೇ ಸಂಕಗಿರಿಯಲ್ಲಿ. ಆತ ಹುಟ್ಟಿದ್ದು ನಮ್ಮ ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಬಳಿಯ ಮೇಲಪಾಳೆಯಂನಲ್ಲಿ. ಜನ ಹೇಳುವ ಕಥೆ ಹೀಗಿದೆ: ಮೈಸೂರಿಗೆ ಹೋಗುತ್ತಿದ್ದ ಕಂದಾಯದ ಹಣವನ್ನು ಆ ಯುವಕ ತಡೆದು ಕಿತ್ತುಕೊಂಡು, "ಚೆನ್ನಿಮಲೆಗೂ ಶಿವನ್‌ಮಲೆಗೂ ನಡುವೆ ಒಂದು ಚಿನ್ನಮಲೆ ಇದೆ, ಅದು ತೆಗೆದುಕೊಂಡಿತೆಂದು ಹೋಗಿ ಹೇಳಿ" ಎಂದನಂತೆ. ಆ ಕಥೆಯಲ್ಲಿ ಮೈಸೂರಿನವರು ವಸೂಲಿಯ ಕಡೆ. ಮುಂದೆ ಅದೇ ಚಿನ್ನಮಲೈ ಟಿಪ್ಪುವಿನ ಜೊತೆ ನಿಂತು ಕಂಪನಿಯ ಮೇಲೆ ಹೋರಾಡಿದ. ಎರಡೂ ನಿಜವೆಂದು ಇಟ್ಟುಕೊಂಡೇ ಆ ಬೆಟ್ಟ ಹತ್ತಬೇಕು. 'ಇದು ನಮ್ಮವರ ಕೋಟೆ' ಎಂದು ಮೇಲೆ ಬಾವುಟ ಬೀಸುವ ಉತ್ಸಾಹ ನಮ್ಮ ಕೆಲವು ಹುಡುಗರಿಗಿದೆ. ದಯವಿಟ್ಟು ಬೇಡ. ಆಡಿ ಹದಿನೆಂಟರ ಸುಮಾರಿಗೆ ಊರವರು ಚಿನ್ನಮಲೈಯ ನೆನಪಿಗೆ ಸೇರುತ್ತಾರೆ. ಆ ಗದ್ದಲದಲ್ಲಿ ಪ್ರವಾಸವೂ ಬೇಡ.

ಹೋದ ಸಲ ಒಂದು ಗೋಡೆಯ ಮೇಲೆ ಚೂಪುಕಲ್ಲಿನಿಂದ ಕೊರೆದ ಹೆಸರನ್ನು ಕಂಡೆವು, ಕನ್ನಡ ಅಕ್ಷರದಲ್ಲಿ. ನಮ್ಮ ಗುಂಪಿನವರದ್ದೋ ಬೇರೆಯವರದ್ದೋ, ವಿಚಾರಿಸಲು ಹೋಗಲಿಲ್ಲ. ತಲೆ ತಗ್ಗಿಸಿದೆವು. ಇದು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. 1958ರ ಕಾಯಿದೆ, 2010ರ ತಿದ್ದುಪಡಿಯಂತೆ ಹಾಳುಗೆಡವಿದವರಿಗೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ.

ಎರಡನೆಯದು ಹುಲಿಕಲ್ ದುರ್ಗ. ಮೇಟ್ಟುಪಾಳೆಯಂನಲ್ಲಿ ನಿಂತು ಕೂನೂರಿನ ಕಡೆ ತಲೆಯೆತ್ತಿದರೆ ಕಾಣುವ ಕಡಿದಾದ ಮೂಗಿನಂಥ ಬೆಟ್ಟವೇ ಅದು, ಸಮುದ್ರಮಟ್ಟದಿಂದ ಸುಮಾರು 6,000 ಅಡಿ. ತಮಿಳಿನಲ್ಲಿ ಪಕ್ಕಾಸುರನ್ ಮಲೈ, ಅಂದರೆ ಬಕಾಸುರನ ಬೆಟ್ಟ. ಆದರೆ ಹುಲಿಕಲ್ ಎಂಬ ಹೆಸರಿಗೆ ಅರ್ಥ ಕೇಳುವ ಕನ್ನಡಿಗನಿಲ್ಲ. ಬಡಗರ ಊರಿನ ಹೆಸರದು. ಕೋಟೆಯೆಂದು ಉಳಿದಿರುವುದು ಮುರುಕು ಗೋಡೆ ಮಾತ್ರ. ಟಿಪ್ಪುವಿನ ಕಾವಲುಪಡೆ ಇಲ್ಲಿತ್ತು. ಅಲ್ಲಿಂದ ಕೆಳಗೆ ಕೊಯಮತ್ತೂರಿನ ಬಯಲು ಕಂಡಾಗ ಏಕೆ ಇತ್ತೆಂದು ಯಾರೂ ವಿವರಿಸಬೇಕಿಲ್ಲ. ಕೂನೂರಿನಿಂದ ಸುಮಾರು 13 ಕಿ.ಮೀ., ಚಹಾ ತೋಟದವರೆಗೆ ಗಾಡಿ, ಆಮೇಲೆ ಕಾಲುದಾರಿ. ತೋಟದವರನ್ನೂ ಅರಣ್ಯ ಇಲಾಖೆಯನ್ನೂ ಮೊದಲೇ ಕೇಳಿಕೊಳ್ಳಬೇಕು. ಕಾಟಿಗಳು ಎದುರಾದರೆ ಫೋಟೊ ಆಸೆ ಬಿಟ್ಟು ಹಿಂದೆ ಸರಿಯಬೇಕು. 2024ರ ಮೇ ತಿಂಗಳಿನಿಂದ ನೀಲಗಿರಿಗೆ ಹೊರಗಿನ ವಾಹನಗಳಿಗೆ ಇ-ಪಾಸ್ ಕಡ್ಡಾಯ. ಪ್ಲಾಸ್ಟಿಕ್ ನೀರಿನ ಬಾಟಲಿಗೆ ಅಲ್ಲಿ ನಿಷೇಧ, ಸ್ಟೀಲ್ ಬಾಟಲಿ ತರತಕ್ಕದ್ದು.

ದಣ್ಣಾಯಕನ ಕೋಟೆ ತೋರಿಸಿ ಎಂದು ಹಿರಿಯರು ಕೇಳುತ್ತಲೇ ಇರುತ್ತಾರೆ. ತೋರಿಸಲು ನಮಗೂ ಆಸೆ. ಹೊಯ್ಸಳರ ದಂಡನಾಯಕರು ಕಟ್ಟಿದ ಆ ಕೋಟೆ 1950ರ ದಶಕದಲ್ಲಿ ಭವಾನಿಸಾಗರ ಅಣೆಕಟ್ಟೆಯ ನೀರಿನಡಿ ಹೋಯಿತು. ನೀರು ತೀರಾ ಇಳಿದ ವರ್ಷಗಳಲ್ಲಿ ಮಾಧವ ಪೆರುಮಾಳ್ ಗುಡಿಯ ಕಲ್ಲುಗಳು ಮೇಲೆ ಬರುತ್ತವೆ. ರೈತರಿಗೆ ಅದು ಕೆಟ್ಟ ವರ್ಷ, ಹಾಗಾಗಿ ಕೋಟೆ ಕಾಣಲಿ ಎಂದು ಹಾರೈಸುವಂತೆಯೂ ಇಲ್ಲ. ಅಲ್ಲಿಂದ ಮೈಸೂರಿಗೆ ಏರುವ ಗಜ್ಜಲಹಟ್ಟಿ ಕಣಿವೆಯಲ್ಲೇ 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸೈನ್ಯ ಇಳಿಸಿದ್ದು. ಈಗ ಅದು ಹುಲಿ ಅಭಯಾರಣ್ಯ, ಬೈಕಿಗೂ ಕಾಲಿಗೂ ಮುಚ್ಚಿದ ದಾರಿಯೆಂದೇ ತಿಳಿಯಿರಿ.

ದೂರ ಹೋಗಲಾರದವರಿಗೆ ಕಾಂಗೇಯಂ ಪಕ್ಕದ ಶಿವನ್‌ಮಲೈ ಇದೆ. ಮೆಟ್ಟಿಲು ಹತ್ತಿ ಮುರುಗನ ದರ್ಶನ, ಇಳಿದ ಮೇಲೆ ಕಲ್ಲಿನ ದರ್ಶನ. ಅಲ್ಲಿಯ ವಿಶೇಷ ಶಿಲೆಗಳ ಮೇಲೆ 1901ರಲ್ಲೇ ಹಾಲೆಂಡ್ ಎಂಬ ಭೂವಿಜ್ಞಾನಿ ಗ್ರಂಥ ಬರೆದಿದ್ದಾರೆ. ಸಮೀಪದ ಪಡಿಯೂರು ಹಿಂದೆ ಬೆರಿಲ್ ಎಂಬ ಹಸಿರುನೀಲಿ ಹರಳಿಗೆ ಹೆಸರಾದ ಊರು.

ಕೊನೆಗೆ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಎರಡು ವರ್ಷದ ಹಿಂದೆ ಮಾರ್ಚ್ ತಿಂಗಳಲ್ಲಿ ಸಂಕಗಿರಿಗೆ ಕರೆದುಕೊಂಡು ಹೋದಾಗ, ತಿಂಡಿ ಮುಗಿಸಿ ಹೊರಟು ಬೆಟ್ಟದ ಬುಡ ಸೇರುವಷ್ಟರಲ್ಲಿ ಹತ್ತು ಗಂಟೆ. ನಾಲ್ಕನೆಯ ಬಾಗಿಲ ಹತ್ತಿರ ನಮ್ಮ ಹಿರಿಯ ಸದಸ್ಯರೊಬ್ಬರು ಬಿಸಿಲಿಗೆ ತಲೆ ತಿರುಗಿ ಕುಸಿದರು. ತಂದ ನೀರು ಆಗಲೇ ಮುಗಿದಿತ್ತು. ಆಡು ಮೇಯಿಸುತ್ತಿದ್ದ ಇಬ್ಬರು ತಮಿಳು ಹುಡುಗರು ತಮ್ಮ ಕ್ಯಾನಿನ ನೀರು ಕುಡಿಸಿ, ಟವೆಲ್ಲಿನಲ್ಲಿ ಗಾಳಿ ಬೀಸಿ, ಹೆಗಲು ಕೊಟ್ಟು ಕೆಳಗಿಳಿಸಿದರು. ಹಣ ಕೊಡಹೋದರೆ "ವೇಂಡಾಂ ಅಯ್ಯಾ" ಎಂದು ಆಡಿನ ಹಿಂದೆ ಹೋದರು. ಹಿರಿಯರು ಗುಣವಾಗಿದ್ದಾರೆ, ಈ ಸಲವೂ ಬರುತ್ತೇನೆ ಎನ್ನುತ್ತಿದ್ದಾರೆ.

ಆದ್ದರಿಂದ ಈ ಬಾರಿಯ ಸಂಕಗಿರಿ ಪ್ರವಾಸ ಸಂಕ್ರಾಂತಿ ಕಳೆದ ಎರಡನೆಯ ಭಾನುವಾರ. ಬುಡದಲ್ಲಿ ಬೆಳಿಗ್ಗೆ ಆರೂವರೆಗೆ ಸೇರಬೇಕು, ತಲೆಗೆ ಎರಡು ಲೀಟರ್ ನೀರು, ಟೋಪಿ, ಹಿಡಿತವಿರುವ ಷೂ. ಬೈಕಿನವರು ಇಬ್ಬರಿಗೂ ಹೆಲ್ಮೆಟ್ ತರತಕ್ಕದ್ದು. ಮಂಡಿನೋವಿನವರು ಮೊದಲ ಬಾಗಿಲವರೆಗೆ ಬಂದು ಕೂರಬಹುದು, ಜೊತೆಗೆ ನಾವಿರುತ್ತೇವೆ. ಹೆಸರುಗಳನ್ನು ಹಿಂದಿನ ಗುರುವಾರದೊಳಗೆ ಕಚೇರಿಯ ಪುಸ್ತಕದಲ್ಲಿ ಬರೆಸಿ.